ಅರ್ಧ ಗಂಟೆ

ಫ್ಯಾನು ತಿರುಗುತ್ತಿದೆ, ಮೂರಕ್ಕೆ ಮೂರೂ.
ಕೆಂಪು ನೀಲಿ ದೀಪ, ಗಣೇಶನ ಪೆಂಡಾಲಿನ ಹಾಗೆ.
ಪರದೆ ಮಾತ್ರ ಕಪ್ಪು.
'ನೋ ಸಿಗ್ನಲ್' ಅಂತ ಒಂದು ಸಲ ತೇಲಿ
ಅದೂ ಮಲಗಿತು.

ಲಗ್ಗೆರೆ, ಎರಡನೇ ಮಹಡಿ, ರಾತ್ರಿ ಹತ್ತೂವರೆ.
ಇಂಚರ ನೆಲದ ಮೇಲೆ ಚಕ್ಕಳಮಕ್ಕಳ ಕೂತಿದ್ದಾಳೆ,
ಬಾಯಲ್ಲಿ ಸ್ಕ್ರೂಡ್ರೈವರು ಕಚ್ಚಿಕೊಂಡು.
ಆರು ತಿಂಗಳು ಎಸ್.ಪಿ. ರಸ್ತೆಗೆ ಅಲೆದು
ತಿಂಗಳಿಗೊಂದು ಅಂಗ ತಂದು ಕೂಡಿಸಿದ್ದು,
ಮದುವೆ ವಿಡಿಯೋ ಎಡಿಟ್ ಮಾಡಿದ ದುಡ್ಡು:
ಯಾರದೋ ಧಾರೆ ಈ ಬೋರ್ಡು,
ಯಾರದೋ ಆರತಕ್ಷತೆ ಆ ದಪ್ಪ ಕಾರ್ಡು.
ಖಾಲಿ ಕ್ಯಾಬಿನೆಟ್ಟು ಸಂಕ್ರಾಂತಿಯಿಂದ ಹಾಲಿನಲ್ಲೇ ಇತ್ತು,
ಇವರಮ್ಮ ಅದರ ಮೇಲೆ ಇಸ್ತ್ರಿ ಬಟ್ಟೆ ಪೇರಿಸುತ್ತಿದ್ದಳು.

ನಾನು ಲೈನ್‌ಮನ್. ಇಪ್ಪತ್ತಾರು ವರ್ಷ ಕಂಬ ಹತ್ತಿದವನು.
ಕತ್ತಲು ನನಗೆ ಹೊಸದಲ್ಲ.
ಫ್ಯೂಸು ಹೋಗಿರುತ್ತೆ, ಕೊಂಬೆ ಬಿದ್ದಿರುತ್ತೆ,
ಅಳಿಲೊಂದು ಟ್ರಾನ್ಸ್‌ಫಾರ್ಮರಿಗೆ ಕಾಲಿಟ್ಟಿರುತ್ತೆ.
ಕರೆಂಟಿಲ್ಲ, ಅದಕ್ಕೇ ಬೆಳಕಿಲ್ಲ. ಮುಗೀತು.
ಇದು ಬೇರೆ ಜಾತಿಯ ಕತ್ತಲು.
ಕರೆಂಟಿದೆ. ಬೆಳಕೂ ಇದೆ. ಕಾಣುವುದು ಮಾತ್ರ ಇಲ್ಲ.

ಟೆಸ್ಟರ್ ತಂದೆ. ನಕ್ಕಳು.
'ಅಪ್ಪಾ, ಇದರೊಳಗೆ ಓಡೋದು ಹನ್ನೆರಡೇ ವೋಲ್ಟು.'
ಹನ್ನೊಂದು ಸಾವಿರದ ಲೈನಿನ ಕೆಳಗೆ ಬುತ್ತಿ ಬಿಚ್ಚಿದವನು ನಾನು.
ಹನ್ನೆರಡು!
ಕೈ ಹಿಂದೆ ಕಟ್ಟಿಕೊಂಡು ನಿಂತೆ.

ರ‍್ಯಾಮ್ ಬಿಚ್ಚಿ ಅದರ ಚಿನ್ನದ ಹಲ್ಲುಗಳನ್ನು
ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಉಜ್ಜಿದಳು.
ಎಸ್ಸೆಲ್ಸಿ ಕಾಲದ ರಬ್ಬರು, ಮೇಲೆ ಅವಳೇ ಕೊರೆದ ಹೆಸರು,
'ಇಂಚ' ಉಳಿದಿದೆ, 'ರ' ಸವೆದಿದೆ.
ಟಕ್ ಅಂತ ಕೂರಿಸಿದಳು. ಕಪ್ಪು.
ಒಂದನ್ನೇ ಹಾಕಿದಳು. ಕಪ್ಪು.
ಮನೆ ಬದಲಿಸಿದಳು. ಕಪ್ಪೇ.
ನಾಣ್ಯದಂಥ ಬ್ಯಾಟರಿ ತೆಗೆದು ಅಂಗೈಲಿಟ್ಟುಕೊಂಡು
ಐದು ನಿಮಿಷ ಸುಮ್ಮನೆ ಕೂತಳು,
ಯಂತ್ರ ತನ್ನ ಹಳೇದೆಲ್ಲ ಮರೆಯಲಿ ಅಂತ.
ಕೆಳಗಿನ ಶೆಡ್ಡಿನಲ್ಲಿ ಲೇತು ಕಿರುಗುಟ್ಟುತ್ತಿತ್ತು.
ನಾವ್ಯಾರೂ ಮಾತಾಡಲಿಲ್ಲ.

ಅಂಗಡಿಯ ಭವರ್‌ಲಾಲನಿಗೆ ಫೋನು.
'ಬೋರ್ಡು ಸರಿಯಾಗೇ ಇದೆ ಮೇಡಂ, ನೀವೇ ಏನೋ ಮಾಡಿರ್ತೀರ.'
ಈ ಮಾತಿನ ಗುರುತು ನನಗಿದೆ.
'ಲೈನು ಸರಿಯಾಗೇ ಇದೆ, ನಿಮ್ಮನೆ ವೈರಿಂಗ್ ನೋಡ್ಕೊಳ್ಳಿ'
ಎಷ್ಟು ಸಲ ಅಂದಿದ್ದೇನೆ, ಏಣಿಯಿಂದ ಇಳಿಯದೆ.

'ಎಷ್ಟೊತ್ತಾಗುತ್ತಮ್ಮ?' ಬಾಯಿಗೆ ಬಂದುಬಿಟ್ಟಿತು.
ತಲೆ ಎತ್ತದೆ ಅಂದಳು:
'ಅರ್ಧ ಗಂಟೆ.'

ಅಯ್ಯೋ, ಆ ಅರ್ಧ ಗಂಟೆ ನನ್ನದು.
ಮಳೆಯಲ್ಲಿ ಫೋನೆತ್ತಿ ಊರಿಗೆಲ್ಲ ಹಂಚಿದ್ದು,
ನಾಳೆ ಪರೀಕ್ಷೆ ಇದ್ದವರಿಗೆ,
ಫ್ರಿಜ್ಜಿನಲ್ಲಿ ಇನ್ಸುಲಿನ್ ಇಟ್ಟವರಿಗೆ,
ಲಿಫ್ಟಿನೊಳಗಿಂದ ಕೂಗಿದ ಒಬ್ಬ ಮುದುಕನಿಗೆ.
ಸುಳ್ಳಲ್ಲ ಅದು, ನಿಜವೂ ಅಲ್ಲ.
ಗೊತ್ತಿಲ್ಲ ಅನ್ನುವುದನ್ನು ಗಡಿಯಾರದ ಬಾಯಲ್ಲಿ ಹೇಳುವುದು.

ಒಂದೂಕಾಲಿಗೆ ಮುಖ ತೊಳೆದು ಬಂದಳು. ಕಣ್ಣು ಕೆಂಪಾಗಿತ್ತು, ನಾನು ಕೇಳಲಿಲ್ಲ.
ಪೆಟ್ಟಿಗೆಯ ಬೆನ್ನ ಹಿಂದೆ ಬಗ್ಗಿದೆ, ಬರೀ ಚಾಳಿ:
ತಂತಿ ಎಲ್ಲಿಂದ ಹೊರಟು ಎಲ್ಲಿ ಮುಟ್ಟಿದೆ
ನೋಡದೆ ನಾವು ಏನನ್ನೂ ಮುಟ್ಟುವುದಿಲ್ಲ.
ಪರದೆಯ ತಂತಿ ಮೇಲಿನ ತೂತಿನಲ್ಲಿತ್ತು.
ಕೆಳಗೆ, ದಪ್ಪ ಕಾರ್ಡಿನಲ್ಲಿ, ಅಂಥದೇ ಇನ್ನೊಂದು ತೂತು,
ಬಾಯಿಗೆ ಮುಚ್ಚಳ ಇನ್ನೂ ಹಾಗೇ.
'ಇದು ಯಾವ ಫೀಡರು?' ಅಂದೆ.

ನೋಡಿದಳು. ಬಹಳ ಹೊತ್ತು ನೋಡಿದಳು.
ಅಂಗೈಲಿ ಹಣೆ ಚಚ್ಚಿಕೊಂಡಳು.
'ಈ ಪ್ರೊಸೆಸರಿಗೆ ಸ್ವಂತ ಕಣ್ಣಿಲ್ಲ ಅಪ್ಪಾ.
ಕಾರ್ಡೇ ಕಣ್ಣು. ನಾನು ಕಿವಿಗೆ ಚುಚ್ಚಿದ್ದೆ.'

ತಂತಿ ಬದಲಾಯಿತು. ಗುಂಡಿ ಒತ್ತಿದಳು.
ಕಪ್ಪಿನ ಮೇಲೆ ಬಿಳಿ ಅಕ್ಷರ, ಸಾಲಾಗಿ.
ಒಳಗಿನ ಕೋಣೆಯಿಂದ ಇವರಮ್ಮ, ನಿದ್ದೆಗಣ್ಣಲ್ಲಿ:
'ಬಂತಾ?'

'ಬಂತು' ಅನ್ನುವ ಕೂಗು
ನಾನು ಯಾವಾಗಲೂ ಕಂಬದ ಮೇಲಿಂದ ಕೇಳಿದ್ದು,
ಬೀದಿಗೆ ಬೀದಿಯೇ ಕೂಗುವಾಗ
ನಾನು ಹೊರಗೆ, ಒದ್ದೆ ಕೈಗವಸಿನಲ್ಲಿ.
ಕೋಣೆಯೊಳಗೆ ನಿಂತು ನಾನೇ ಅಂದದ್ದು ಇದೇ ಮೊದಲು.
ಸಣ್ಣಗೆ ಬಂತು ದನಿ.

'ಏನಂತೆ ಅದು, ಬರೆದಿರೋದು?'
'ಡಿಸ್ಕ್ ಎಲ್ಲಿ ಅಂತ ಕೇಳ್ತಿದೆ.'
'ಎಲ್ಲಿ?'
ಸ್ಕ್ರೂಗಳನ್ನು ಕುಂಕುಮದ ಡಬ್ಬಿಗೆ ತುಂಬುತ್ತ ಅಂದಳು:
'ಅದಿನ್ನೂ ತಗೊಂಡಿಲ್ಲ.
ಆಷಾಢ ಕಳೀಲಿ. ಮದುವೆಗಳು ಶುರುವಾಗಲಿ.'